ಒಂದೆಳೆ ಪಾಕ

ಅತ್ತಿಗೆ ಹೆಬ್ಬೆರಳು, ತೋರುಬೆರಳಿನ ನಡುವೆ ಬಿಸಿ ಪಾಕ ಹಿಡಿದು ಮೆಲ್ಲನೆ ಬಿಡಿಸುತ್ತಿದ್ದರು. ನಡುವೆ ಕೂದಲಿನಂಥ ಎಳೆಯೊಂದು ತುಂಡಾಗದೆ ನಿಂತರೆ "ಬಂತು" ಎನ್ನುತ್ತಿದ್ದರು. ಆ ಮಾತಿಗೆ ಕಾದಿದ್ದವನಂತೆ ಅಣ್ಣ ಬಾಣಲೆ ಇಳಿಸುತ್ತಿದ್ದ.

ನಮ್ಮದು ಮಿಠಾಯಿ ಅಂಗಡಿ. ಅಣ್ಣ ಮಹಾಲಿಂಗಪ್ಪನ ಕೈಗುಣವನ್ನು ಊರೇ ಹೊಗಳುತ್ತಿತ್ತು. ಪಾಕ ನೋಡುವ ಬೆರಳು ಮಾತ್ರ ಅತ್ತಿಗೆ ಚೆನ್ನಾಜಮ್ಮನವರದು ಎಂಬುದು ಮನೆಯವರಿಗಷ್ಟೇ ಗೊತ್ತಿದ್ದ ಸಂಗತಿ. ದೇವರಿಗೆ ಎತ್ತಿಟ್ಟ ಮೇಲೆ ಮೊದಲ ತುಂಡನ್ನು ಅಣ್ಣ ಅವರ ಬಾಯಿಗೇ ಇಡುತ್ತಿದ್ದ. ಅವರು ತಲೆಯಾಡಿಸದೆ ತಟ್ಟೆ ಅಂಗಡಿಗೆ ಹೋಗುವಂತಿರಲಿಲ್ಲ.

ಅಂಥ ಅತ್ತಿಗೆಯ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಸ್ಪತ್ರೆಯ ಡಾಕ್ಟರಮ್ಮ ಕ್ಯಾನ್ಸರ್ ಎಂದರು, ಬೇಗ ಆಪರೇಷನ್ ಆಗಬೇಕು ಎಂದರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅಣ್ಣನನ್ನು 'ಪ್ರಾಣವಾಯು ಕೇಂದ್ರ'ಕ್ಕೆ ಕರೆದೊಯ್ದರು. ಅದನ್ನು ನಡೆಸುತ್ತಿದ್ದ ಜಯತೀರ್ಥನದು ಬೆಣ್ಣೆಯಂಥ ಮಾತು.

"ಈ ರೋಗ ಬದುಕೋದೇ ಸಕ್ಕರೆ ಮೇಲೆ. ಅದನ್ನ ಉಪವಾಸ ಕೆಡವಿ, ಮೇಲೆ ಆಕ್ಸಿಜನ್ ತುಂಬಿದ್ರೆ ತಾನೇ ಸಾಯುತ್ತೆ. ಕತ್ತಿ ಯಾಕೆ ಬೇಕು?" ಎಂದವನು, ಹೊರಡುವಾಗ ಕೇಳಿದ: "ಅಂದ ಹಾಗೆ, ತಮ್ಮ ಉದ್ಯೋಗ ಏನು?"

ಆ ಪ್ರಶ್ನೆ ಅಣ್ಣನನ್ನು ಮುಗಿಸಿಬಿಟ್ಟಿತು.

"ನಾನೇ ಕಣೋ ತಿನ್ನಿಸಿದ್ದು," ಎಂದು ನನ್ನೆದುರು ಅತ್ತ. "ಇಷ್ಟು ವರ್ಷ ಕೈಯಾರೆ ಆ ಗಂಟಿಗೆ ಉಣ್ಣಿಸಿದೆ."

ಒಲೆ ಆರಿತು, ಅಂಗಡಿಯ ಬಾಗಿಲು ಮುಚ್ಚಿತು. ಅನ್ನ, ಮುದ್ದೆ, ಹಣ್ಣು ಎಲ್ಲವೂ ಅತ್ತಿಗೆಗೆ ನಿಷಿದ್ಧವಾದವು. ಸೊಪ್ಪು, ತುಪ್ಪ, ಗಾಣದ ಕೊಬ್ಬರಿ ಎಣ್ಣೆ, ಅಷ್ಟೇ. ಕೇಂದ್ರದಲ್ಲಿ ಅವರನ್ನು ಉಕ್ಕಿನ ಉದ್ದನೆಯ ಪೆಟ್ಟಿಗೆಯಂಥದರಲ್ಲಿ ಮಲಗಿಸಿ, ಮುಚ್ಚಿ, ಒತ್ತಡದಲ್ಲಿ ಆಕ್ಸಿಜನ್ ಬಿಡುತ್ತಿದ್ದರು. ಒಮ್ಮೆ ಅದರ ದುಂಡನೆಯ ಗಾಜಿನಲ್ಲಿ ಇಣುಕಿದವನು ಬೆಚ್ಚಿಬಿದ್ದೆ. ಒಳಗಿದ್ದದ್ದು ನನ್ನ ಅತ್ತಿಗೆಯ ಮುಖ ಎಂದು ಗುರುತಿಸಲು ಹೊತ್ತು ಹಿಡಿಯಿತು. ನನ್ನನ್ನು ಕಂಡು ಅವರು ನಕ್ಕರು. ಮೊಣಕೈವರೆಗೆ ಬಳೆ ಜಾರಿತ್ತು.

ಒಂದು ಮಧ್ಯಾಹ್ನ ಅಣ್ಣ ಎಣ್ಣೆ ತರಲು ಗಾಣಕ್ಕೆ ಹೋಗಿದ್ದಾಗ ನಾನು ತಡೆಯಲಾರದೆ ಹೇಳಿದೆ: "ಸಾಕು ಅತ್ತಿಗೆ, ಆಸ್ಪತ್ರೆಗೆ ಹೋಗೋಣ. ಆ ಜಯತೀರ್ಥನ್ನ ನಂಬಿಕೊಂಡು..."

"ನಾನೆಲ್ಲಪ್ಪ ನಂಬಿದೀನಿ?"

ನಾನು ಅವರ ಎದುರಿಗೆ ಕುಳಿತೆ.

"ನಮ್ಮದು ಮಿಠಾಯಿ ಅಂಗಡಿ, ಅದಕ್ಕೇ ಬಂತಾ ಅಂತ ಮೊದಲನೇ ದಿನವೇ ಡಾಕ್ಟರಮ್ಮನ್ನ ಕೇಳಿದ್ದೆ. ಸಿಹಿ ತಿಂದು ಬಂದಿದ್ದಲ್ಲ, ಬಿಟ್ಟರೆ ಹೋಗೋದೂ ಇಲ್ಲ, ಚೆನ್ನಾಗಿ ಊಟ ಮಾಡಿ ಅಂದ್ರು. ನಿಮ್ಮಣ್ಣಂಗೆ ಹೇಳ್ದೆ. ಸಮಾಧಾನಕ್ಕೆ ಹೇಳ್ತೀಯ ಅಂದ್ಬಿಟ್ರು. ತಿನ್ನಿಸಿದ್ದು ಈ ಕೈಯೇ ಅಂತ ಕುದಿಯೋ ಪಾಕಕ್ಕೆ ಕೈ ಹಾಕೋಕೆ ಹೋದ್ರು ಕಣಪ್ಪ! ಪಥ್ಯ ಮಾಡ್ತೀನಿ ಅಂತ ನಾನು ಮಾತು ಕೊಟ್ಟ ಮೇಲೇ ಹಿಂದೆ ಸರಿದಿದ್ದು."

"ಅದಕ್ಕೆ ಪ್ರಾಣ ಕೊಡ್ತೀರಾ?"

"ನಾನು ಹೋದ್ರೂ, ಕೊನೇಗೆ ಅವಳಿಗೆ ಆ ವಿಷ ಕೊಡೋದು ನಿಲ್ಲಿಸಿದ್ದೆ ಅನ್ನೋ ಸಮಾಧಾನವಾದ್ರೂ ಅವರಿಗೆ ಉಳೀಲಿ. ನೀನು ಬಾಯಿ ಬಿಡಬೇಡ."

ಮೂರ್ಖತನದಿಂದ ಸಾಯುವವರನ್ನು ಬೈಯಬಹುದು. ಎಲ್ಲ ತಿಳಿದೂ ಗಂಡನ ಮನಸ್ಸಿಗಾಗಿ ಹಸಿದು ಸಾಯುತ್ತಿರುವವರಿಗೆ ಏನೆನ್ನುವುದು? ಇಂಥ ಪ್ರೀತಿಗಿಷ್ಟು ಬೆಂಕಿ ಹಾಕ ಎಂದು ಬೈಯುತ್ತಲೇ ಹೊರಗೆ ಓಡಿದೆ. ಗಾಣದ ದಾರಿಯಲ್ಲೇ ಅಣ್ಣನನ್ನು ತಡೆದು ಎಲ್ಲ ಹೇಳಿಬಿಟ್ಟೆ.

ಅವನು ಎಣ್ಣೆಯ ಡಬ್ಬವನ್ನು ರಸ್ತೆಯಂಚಿನಲ್ಲಿ ಇಟ್ಟ. ಅದನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಒಲೆ ಹಚ್ಚಿದ. ಸಕ್ಕರೆ ಕುದಿಯುವ ವಾಸನೆಗೆ ಅತ್ತಿಗೆ ಗೋಡೆ ಹಿಡಿದುಕೊಂಡು ಬಂದರು. ನನ್ನ ಮುಖ ನೋಡಿಯೇ ಅವರಿಗೆ ಎಲ್ಲ ತಿಳಿಯಿತು. ಅಣ್ಣ ಸೌಟು ಚಾಚಿದ. ಅವರು ಪಾಕ ಹಿಡಿದು ಬಿಡಿಸಿದರು.

"ಬಂತು."

ಆದರೆ ಮೊದಲ ತುಂಡು ಹಿಡಿದ ಅಣ್ಣನ ಕೈ ಅವರ ಬಾಯಿಯ ತನಕ ಹೋಗಲಿಲ್ಲ, ನಡುವೆಯೇ ನಿಂತಿತು. ಅತ್ತಿಗೆಯೇ ಅವನ ಮಣಿಕಟ್ಟು ಹಿಡಿದು ಎಳೆದುಕೊಂಡು ತಿಂದರು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರೀಕ್ಷೆ ಮಾಡಿ, ಹಳೆಯ ಚೀಟಿ ತೆಗೆದು ನೋಡಿದರು. "ಆಗಲೇ ಬಂದಿದ್ರೆ ಗಂಟು ತೆಗೆದುಬಿಡ್ತಿದ್ವಿ. ಈಗ ಹರಡಿದೆ," ಎಂದರು. ಚಿಕಿತ್ಸೆ ನಡೆಯಿತು. ಅತ್ತಿಗೆ ಆ ವರ್ಷದ ಯುಗಾದಿಯನ್ನು ನಮ್ಮೊಂದಿಗೆ ಕಳೆದರು, ಮುಂದಿನದಕ್ಕೆ ಇರಲಿಲ್ಲ.

ಮಣ್ಣು ಮಾಡಿ ಬಂದ ಕೆಲವೇ ದಿನಕ್ಕೆ ಜಯತೀರ್ಥ ಬೀದಿಯಲ್ಲಿ ಎದುರಾದ. "ಪಥ್ಯ ಮುರಿದು ಸಿಹಿ ಕೊಟ್ಟಿರಂತೆ? ಅದಕ್ಕೇ ಹೀಗಾಯ್ತು ನೋಡಿ," ಎಂದ, ಅದೇ ಬೆಣ್ಣೆಯಂಥ ದನಿಯಲ್ಲಿ. ನಾನು ಕೈಯೆತ್ತುವ ಮೊದಲೇ ಅಣ್ಣ ಅಡ್ಡ ಬಂದ.

"ಹೌದು ಸ್ವಾಮಿ, ಕೊಟ್ಟೆ," ಎಂದ. "ಮೊದಲೇ ಕೊಡಬೇಕಿತ್ತು."

ಅಂಗಡಿ ಮತ್ತೆ ತೆರೆದ ದಿನ ನಾನು ಜೊತೆಗಿದ್ದೆ. ಪಾಕ ಕುದಿಯಿತು. ಅಣ್ಣ ಅಭ್ಯಾಸಬಲದಿಂದ ಸೌಟನ್ನು ಅತ್ತಿಗೆ ಕೂರುತ್ತಿದ್ದ ಕಡೆಗೆ ಚಾಚಿದ. ಅಲ್ಲಿ ನಾನು ಕೂತಿದ್ದೆ. ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪಾಕದ ಗಂಧಗಾಳಿ ಗೊತ್ತಿಲ್ಲದ ನಾನು ಬೆರಳು ಸುಟ್ಟುಕೊಂಡು ಬಿಡಿಸಿದೆ. ಎಳೆ ನಿಂತಿತೋ ಇಲ್ಲವೋ, ಕಣ್ಣು ಮಂಜಾಗಿ ಕಾಣಲಿಲ್ಲ.

"ಬಂತು," ಎಂದೆ.

ಆ ದಿನದ ಮಿಠಾಯಿ ಕಲ್ಲಿನಂತೆ ಗಟ್ಟಿಯಾಯಿತು. ಅಣ್ಣ ಅದನ್ನು ಕುಟ್ಟಿ ತುಂಡು ಮಾಡಿ, ಮೊದಲ ತುಂಡನ್ನು ಖಾಲಿ ತಟ್ಟೆಯಲ್ಲಿ ಬೇರೆಯಾಗಿ ಇಟ್ಟ.