‘ಉಸಿರು’ ಎಂಬ ಫೋಲ್ಡರ್

ಡಿಸ್ಕಿಗೆ ಫೈಲುಗಳು ತುಂಬುತ್ತಿದ್ದಂತೆ ಪರದೆಯ ಮೇಲಿನ ಹಸಿರು ಪಟ್ಟಿ ಕುದುರೆಯಂತೆ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ಆಮೆಯಾಯಿತು. ‘ಇನ್ನು ಆರು ನಿಮಿಷ’ ಎಂದಿದ್ದ ಕಂಪ್ಯೂಟರ್ ‘ನಾಲ್ಕು ಗಂಟೆ’ ಎಂದಿತು. ಸೊಸೆ ಕಣ್ಣುಜ್ಜಿಕೊಂಡು ನೋಡುವಷ್ಟರಲ್ಲಿ ‘ಒಂದು ದಿನ’ ಎಂದಿತು.

“ಆಯ್ತೇನಮ್ಮಾ?” ಧಾರಾವಾಹಿ ಕಂಪನಿಯ ಡ್ರೈವರ್ ಮತ್ತೆ ಬಾಗಿಲಲ್ಲಿ ಇಣುಕಿದ. “ಸಂಜೆಯೊಳಗೆ ಡಿಸ್ಕ್ ಬರದಿದ್ರೆ ಮುಂದಿನ ಕೆಲಸ ಬೇರೆ ಸ್ಟುಡಿಯೋಗೆ ಅಂದಿದ್ದಾರೆ ಸಾಹೇಬ್ರು. ಆಮೇಲೆ ನನ್ನ ಮೇಲೆ ಹಾಕ್ಬೇಡಿ.”

“ಆಗ್ತಾ ಇದೆ, ಕೂತ್ಕೊಳ್ಳಿ.”

“ಕೂತು ಕೂತು ಬೇರು ಬಿಟ್ಟಾಯ್ತು.”

ಮನೆಯ ಹಿಂದಿನ ಕೋಣೆಯೇ ಸ್ಟುಡಿಯೋ. ಅತ್ತೆ ಧಾರಾವಾಹಿಯ ಅಜ್ಜಿಗೆ ದನಿ ಕೊಡುತ್ತಿದ್ದರು, ಗಂಡ ಆ ದನಿಯನ್ನು ಕತ್ತರಿಸಿ ಹದ ಮಾಡುತ್ತಿದ್ದ. ಡಿಸ್ಕಿಗೆ ತುಂಬಿ ಕಳಿಸುವುದೂ ಅವನ ಕೆಲಸವೇ. ಇವತ್ತು ಅವನು ಊರಲ್ಲಿರಲಿಲ್ಲ.

ಸೊಸೆ ಕೇಬಲ್ ಬದಲಿಸಿದಳು. ಮೊದಲಿಂದ ಶುರುವಾಗಿ ಅದೇ ಜಾಗದಲ್ಲಿ ಮುಗ್ಗರಿಸಿತು. ಬೇರೆ ತೂತಿಗೆ ಚುಚ್ಚಿದಳು, ವೈರಸ್ ತಡೆಯುವ ಪ್ರೋಗ್ರಾಂ ನಿಲ್ಲಿಸಿದಳು. ಊಹೂಂ. ಡಿಸ್ಕೇ ಕೆಟ್ಟಿರಬೇಕೆಂದು ಒಂದು ಇಡೀ ಸಿನಿಮಾ ಹಾಕಿ ನೋಡಿದರೆ ಅದು ಸರಕ್ಕನೆ ಹೋಯಿತು. ಆನೆ ದಾಟಿದ ಬಾಗಿಲಲ್ಲಿ ಇಲಿ ಸಿಕ್ಕಿಕೊಂಡಿತ್ತು. ಇದ್ಯಾವ ನ್ಯಾಯ?

ಗಂಡನಿಗೆ ಫೋನ್ ಹಚ್ಚಿದಳು.

“ಎಲ್ಲಿ ನಿಂತಿದೆ ನೋಡೇ.”

“ಮಾತೆಲ್ಲ ಹೋಗಿದೆ. ‘ಉಸಿರು’ ಅನ್ನೋ ಫೋಲ್ಡರಲ್ಲಿ ನಿಂತಿದೆ.”

“ಅಯ್ಯೋ. ಅದು ಅಮ್ಮನ ಉಸಿರು ಕಣೇ.”

ಅಜ್ಜಿಯ ಮಾತಿನ ನಡುವಿನ ಏದುಸಿರು ಸಾಹೇಬರಿಗೆ ಬೇಡವಾಗಿತ್ತು. ಅತ್ತೆ ಜಗ್ಗಿರಲಿಲ್ಲ. “ಏಳೋವಾಗ ಒಂದು ಉಸಿರು, ಕೂರೋವಾಗ ಒಂದು, ಸುಳ್ಳು ಹೇಳೋವಾಗಿನದು ಬೇರೆ. ಅದನ್ನ ಎಸೆಯೋದಾದ್ರೆ ನನ್ನನ್ನೂ ಎಸೀರಿ” ಎಂದಿದ್ದರು. ನಡುವೆ ಸಿಕ್ಕ ಮಗ ಪ್ರತಿ ಉಸಿರನ್ನೂ ಮಾತಿನಿಂದ ಬಿಡಿಸಿ, ಒಂದೊಂದನ್ನೂ ಪುಟ್ಟ ಫೈಲ್ ಮಾಡಿ, ಬೇಕೆಂದವರು ಜೋಡಿಸಿಕೊಳ್ಳಲಿ ಎಂದು ಬೇರೆ ಇಟ್ಟಿದ್ದ. ಸಾವಿರಾರು ಫೈಲುಗಳು.

“ಎಲ್ಲಾ ಸೇರಿದ್ರೂ ಇಷ್ಟೇ ಇಷ್ಟಿದೆಯಲ್ರೀ!”

“ಅಕ್ಕಿ ಮೂಟೆ ಹೊರೋದು ಸುಲಭ. ಒಂದೊಂದೇ ಕಾಳು ಎತ್ತಿಡು, ಪ್ರತಿಯೊಂದಕ್ಕೂ ಹೆಸರು ಬರಿ ಅಂದ್ರೆ?”

“ಹಾಗಾದ್ರೆ ಎಲ್ಲಾ ಸೇರಿಸಿ ಒಂದೇ ಫೈಲಾಗಿ ಮೂಟೆ ಕಟ್ತೀನಿ, ಹೇಗೆ ಹೇಳಿ.”

“ಆ ಮುದಿ ಕಂಪ್ಯೂಟರಲ್ಲಿ ಕಟ್ಟೋಕೂ ಅಷ್ಟೇ ಹೊತ್ತು. ನಾನು ಮೊದಲೇ ಕಟ್ಟಿಡಬೇಕಿತ್ತು.”

“ಈಗೇನು ಮಾಡ್ಲಿ?”

“ಅಮ್ಮನ್ನ ಕೇಳು.” ಒಂದು ಕ್ಷಣ ಬಿಟ್ಟು, “ಬೇಡ, ಕೇಳ್ಬೇಡ” ಎಂದ. ಅಷ್ಟರಲ್ಲಿ ಫೋನ್ ಕಡಿದುಹೋಯಿತು.

ಸೊಸೆ ಹೆಡ್‌ಫೋನ್ ಹಾಕಿಕೊಂಡು ಒಂದು ಫೈಲ್ ತೆರೆದಳು. ಸುಯ್ ಎಂದಿತು. ಇದು ಏಳುವ ಉಸಿರೋ, ಕೂರುವುದೋ? ಇನ್ನೊಂದನ್ನು ತೆರೆದಳು. ಅದೂ ಸುಯ್ ಎಂದಿತು. ಮತ್ತೊಂದು. ಎಲ್ಲ ಒಂದೇ ಥರ. ಇಷ್ಟಕ್ಕಾಗಿ ಅತ್ತೆಗೂ ಸಾಹೇಬರಿಗೂ ಜಗಳವೇ? ಅಥವಾ ಕೇಳುವ ಕಿವಿ ತನಗೇ ಇಲ್ಲವೋ? ಹೊರಗೆ ಹಾರ್ನ್ ಕೂಗಿತು.

‘ರದ್ದು’ ಒತ್ತಿದಳು. ಡಿಸ್ಕ್ ಕಿತ್ತು ಡ್ರೈವರ್ ಕೈಗಿಟ್ಟಳು.

“ಒಂದು ದಿನ ಅಂತಿತ್ತಲ್ಲಮ್ಮಾ?” ಅವನು ಬೆರಗಾದ.

“ಅದಕ್ಕೆ ಲೆಕ್ಕ ಬರಲ್ಲ. ನೀವು ಹೊರಡಿ.”

ಕಾರು ತಿರುವು ದಾಟುವ ಹೊತ್ತಿಗೆ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಹೊಸಿಲ ಬಳಿ ನಿಂತು ಸುಧಾರಿಸಿಕೊಂಡರು.

“ಹೋಯ್ತೇನೇ?”

“ಹೋಯ್ತು ಅತ್ತೆ.”

“ಪೂರ್ತಿ?”

ಸೊಸೆ ಉಸಿರೆಳೆದುಕೊಂಡಳು. “ಹ್ಞೂಂ, ಪೂರ್ತಿ.”

ಅತ್ತೆ ಮೈಕಿನ ಮುಂದೆ ತಮ್ಮದೇ ದನಿಯನ್ನು ಮತ್ತೆ ಹಾಕಿಸಿ ಕೇಳುವಾಗ ಮಾಡುವಂತೆ, ತಲೆಯನ್ನು ತುಸು ಒಂದು ಕಡೆ ವಾಲಿಸಿ ನಿಂತರು.