ಹಲ್ಲಕ್ಕನ ಅಕ್ಕ

ಹೂವಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕ ತಂಗಿಯ ಮನೆಯ ಮೆಟ್ಟಿಲು ಇಳಿಯುತ್ತಿದ್ದಳು. ಇಬ್ಬರಿಗೂ ಪರಿಚಯದ ಬಸ್ ಡ್ರೈವರು ಓಡಿಬಂದು ಅದನ್ನು ಇಸಿದುಕೊಂಡ. ಅಷ್ಟಕ್ಕೇ ಬಿಡಲಿಲ್ಲ, ಬಾಗಿಲ ಹಿಂದಿದ್ದ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಅವಳನ್ನು ಕೂರಿಸಿಯೇ ಬಿಟ್ಟ.

“ಕೂತ್ಕೊಳ್ಳಿ ಅಕ್ಕ. ಮೊಣಕಾಲು ಹೇಗಿದೆ ಈಗ?”

ಬೆಳಿಗ್ಗೆಯಿಂದ ಇದು ಮೂರನೆಯ ಸಲ. ಮೊದಲು ಔಷಧಿ ಅಂಗಡಿಯವಳು ಕೇಳಿದ್ದಳು, ಆಮೇಲೆ ಅವಳ ಗಂಡ. ಅಕ್ಕನ ಮೊಣಕಾಲಿಗೆ ಅರವತ್ತೊಂದು ವರ್ಷದಲ್ಲಿ ಒಂದು ದಿನವೂ ಏನೂ ಆಗಿರಲಿಲ್ಲ. ನೀರಿನ ಮೀಟರು ಓದುವ ಕೆಲಸದಲ್ಲಿ ಊರಿನ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದ ಕಾಲು ಅದು. ವಯಸ್ಸಾದವರನ್ನು ಕಂಡರೆ ಜನಕ್ಕೆ ಕೇಳಲು ಬೇರೇನೂ ಸಿಗುವುದಿಲ್ಲ ಎಂದುಕೊಂಡು ಅವಳು ಪರವಾಗಿಲ್ಲಪ್ಪ ಎಂದಳು.

ಒಳಗೆ ಮುಂದಿನ ಕೋಣೆಯಲ್ಲಿ ತಂಗಿಯನ್ನು ಮಲಗಿಸಿದ್ದರು. ನಿನ್ನೆ ಮಧ್ಯಾಹ್ನ ಕೆಲಸದ ಮೇಜಿನ ಮುಂದೆ ಕೂತು, ಯಾರದೋ ಹಲ್ಲುಸೆಟ್ಟಿಗೆ ಹೊಳಪು ಕೊಡುತ್ತಿದ್ದವಳು ಹಾಗೇ ತಲೆ ಊರಿ ಹೋಗಿಬಿಟ್ಟಿದ್ದಳು. ಐವತ್ತೇಳು ವರ್ಷ. ಮೂವತ್ತು ವರ್ಷದಿಂದ ಹಲ್ಲಿನ ಡಾಕ್ಟರುಗಳು ಅಳತೆ ಕಳಿಸುತ್ತಿದ್ದರು, ಇವಳು ಹಲ್ಲು ಮಾಡಿ ಕಳಿಸುತ್ತಿದ್ದಳು. ಬಂದವರಲ್ಲಿ ಅರ್ಧ ಜನರ ಬಾಯಲ್ಲಿ ಅವಳ ಕೈಕೆಲಸವಿತ್ತು. ಅವಳು ಮಾಡಿದ ಹಲ್ಲನ್ನೇ ಕಚ್ಚಿಕೊಂಡು ಅವಳಿಗಾಗಿ ಅಳುತ್ತಿದ್ದರು.

ಮುದುಕರೊಬ್ಬರು ಕುರ್ಚಿಯ ಹತ್ತಿರ ಬಗ್ಗಿ ತುಟಿ ಎತ್ತಿ ತೋರಿಸಿದರು. ಹನ್ನೊಂದು ವರ್ಷವಾಯಿತಂತೆ, ಒಂದು ದಿನವೂ ಅಲ್ಲಾಡಿಲ್ಲವಂತೆ. ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿದರು.

“ನೀವು ಯಾರಮ್ಮ?”

“ಅಕ್ಕ.”

“ಓ, ಹಲ್ಲಕ್ಕನ ಅಕ್ಕ.”

ಹೌದು, ಅದೇ. ರಿಮೋಟು ಕಾರು ಓಡಿಸುವ ಮೈದಾನದವರು ತಂಗಿಗೆ ಹಲ್ಲಕ್ಕ ಎಂದು ಹೆಸರಿಟ್ಟಿದ್ದರು, ಅಕ್ಕನಿಗೆ ಹಲ್ಲಕ್ಕನ ಅಕ್ಕ ಎಂದು. ನಾಲ್ಕು ವರ್ಷ ಮೊದಲು ಹುಟ್ಟಿದವಳಿಗೆ ಹೆಸರು ಮಾತ್ರ ತಂಗಿಯ ಬಾಲ ಹಿಡಿದೇ ಬರಬೇಕು. ಅಂಗಳದಿಂದ ಬೀದಿಯವರೆಗೆ ನಿಂತ ಜನರನ್ನು ಅಕ್ಕ ನೋಡಿದಳು. ನಾಳೆ ನಾನು ಹೋದರೆ ಇದರ ಕಾಲು ಭಾಗವಾದರೂ ಬರುತ್ತದೆಯೇ? ಮೀಟರು ಓದಿದವಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಹೊಟ್ಟೆಯೊಳಗೆ ಹಳೆಯ ಕಿಚ್ಚು ಮಗ್ಗುಲು ಬದಲಿಸಿತು. ಹೆಣ ಇನ್ನೂ ಮನೆಯಲ್ಲಿದೆ, ಥೂ, ಎಂದು ತನಗೇ ಉಗಿದುಕೊಂಡಳು. ಆದರೂ ಅದು ಆರಲಿಲ್ಲ.

*

ಮೊದಲು ಹುಚ್ಚು ಹತ್ತಿದ್ದು ಅಕ್ಕನಿಗೇ.

ನಿವೃತ್ತಿಯಾದ ಮರುವಾರ ಹಳೆಯ ಗೋದಾಮಿನ ಹಿಂದಿನ ಮೈದಾನದ ಪಕ್ಕ ಹಾದುಹೋಗುವಾಗ, ಬೇಲಿಯಾಚೆ ನೀಲಿ ಹೊಗೆ ಬಿಡುತ್ತ ಮೊಣಕೈಯುದ್ದದ ಕಾರುಗಳು ಮಣ್ಣಿನ ದಿಬ್ಬ ಹಾರುತ್ತಿದ್ದವು. ಬ್ಯಾಟರಿಯ ಆಟಿಕೆಯಲ್ಲ, ಒಳಗೆ ನಿಜವಾದ ಎಂಜಿನ್, ಕುಡಿಯುವುದಕ್ಕೆ ನೈಟ್ರೋ ಎಂಬ ಇಂಧನ. ಎತ್ತರದ ಅಟ್ಟದ ಮೇಲೆ ರಿಮೋಟು ಹಿಡಿದು ನಿಂತ ಬಡಗಿ, ಡ್ರೈವರು, ಅಂಗಡಿಯವಳು ಯಾರೂ ಉಸಿರು ಬಿಟ್ಟಂತೆ ಕಾಣಲಿಲ್ಲ. ಮೂವತ್ತು ವರ್ಷ ಮುಳ್ಳು ತಿರುಗುವುದನ್ನು ನೋಡಿ ಬರೆದುಕೊಂಡವಳಿಗೆ, ತಾನೇ ಏನನ್ನಾದರೂ ತಿರುಗಿಸಬೇಕೆನ್ನಿಸಿತು. ಹೊಸ ಎಂಜಿನ್ ಕೂರಿಸಿದ ಹಳೆಯ ಕಾರೊಂದನ್ನು ಕೊಂಡಳು.

ಬಡಗಿ ಎಚ್ಚರಿಸಿದ್ದ. ಹೊಸ ಎಂಜಿನ್ನನ್ನು ಪಳಗಿಸಬೇಕು. ಇಂಧನ ಬಿಡುವ ಸೂಜಿ ಸ್ಕ್ರೂ ಸಡಿಲಿಸಿ ಎಣ್ಣೆ ಜಾಸ್ತಿ ಬಿಟ್ಟು, ಐದು ಟ್ಯಾಂಕು ಮೆಲ್ಲಗೆ ಓಡಿಸಬೇಕು. ಪ್ರತಿ ಟ್ಯಾಂಕು ಮುಗಿದ ಮೇಲೂ ಪೂರ್ತಿ ತಣಿಯಲು ಬಿಡಬೇಕು. ಅಕ್ಕ ಒಂದು ಟ್ಯಾಂಕು ತಾಳಿದಳು. ಎರಡನೆಯದರಲ್ಲಿ ಸ್ಕ್ರೂ ಬಿಗಿದು, ರಿಮೋಟಿನ ವೇಗದ ಗುಂಡಿಯನ್ನು ಪೂರ್ತಿ ಒತ್ತಿದಳು. ಕಾರು ಒಂದು ಸುತ್ತು ಗಾಳಿಯಂತೆ ಹೋಯಿತು. ಎರಡನೆಯ ಸುತ್ತಿನಲ್ಲಿ ಕಿರ್ರೆಂದು ಕೂಗಿ ಕಚ್ಚಿಕೊಂಡು ನಿಂತಿತು.

ಜೊತೆಗೆಂದು ಬಂದಿದ್ದ ತಂಗಿ ಸತ್ತ ಎಂಜಿನ್ನನ್ನು ಬೆರಳಲ್ಲಿ ತಿರುಗಿಸಿ ನೋಡಿದಳು.

“ಹೊಸಾ ಹಲ್ಲುಸೆಟ್ಟೂ ಹಿಂಗೇ ಕಣಕ್ಕ. ಮೊದಲ ವಾರ ಮೆತ್ತಗಿಂದೇ ತಿನ್ನಿ ಅಂತೀನಿ. ಯಾರೂ ಕೇಳಲ್ಲ. ಗಟ್ಟಿ ಕಡೀತಾರೆ, ಒಸಡು ಹುಣ್ಣು ಮಾಡ್ಕೊಂಡು ಬರ್ತಾರೆ. ನಾನೊಂದ್ಸಲ ನೋಡ್ಲಾ?”

ನೋಡಿದಳು. ಬೇರೆ ಎಂಜಿನ್ ತರಿಸಿ, ಎರಡು ಭಾನುವಾರ ಅದರ ಪಕ್ಕ ಮಣೆ ಹಾಕಿಕೊಂಡು ಕೂತಳು. ಮೇಣದ ಹಲ್ಲು ಕೆರೆಯುವ ಕೈ ಅದು. ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು, ಕಿವಿಗೊಡುವುದು, ಕಾಯುವುದು. ಆರನೆಯ ಟ್ಯಾಂಕಿಗೆ ಎಂಜಿನ್ ಹಾಡಿತು. ಬಡಗಿ ಉಳಿ ಕೆಳಗಿಟ್ಟು ಎದ್ದುಬಂದ. ತಂಗಿಯ ಗಂಡ ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂದು ನಕ್ಕು, ಪೆಟ್ರೋಲಿನವನ ಕೆಲಸ ನನಗಿರಲಿ ಎಂದು ಎಣ್ಣೆ ತುಂಬುವ ಬಾಟಲಿ ಹಿಡಿದ.

ವರ್ಷ ತುಂಬುವುದರೊಳಗೆ ತಂಗಿ ಮುಂದಿನ ಸಾಲಿನಲ್ಲಿದ್ದಳು, ಅಕ್ಕ ಕೊನೆಯ ಸಾಲಿನಲ್ಲಿ. ಸೈಕಲ್ಲಿನಲ್ಲೂ ಹಾಗೇ ಆಗಿತ್ತು. ಅಕ್ಕ ಮೊಣಕೈ ತರಚಿಕೊಂಡು ಕಲಿತಳು; ತಂಗಿ ಅದೇ ಸೈಕಲ್ಲನ್ನು ಕೈಬಿಟ್ಟು ಹೊಡೆದಳು.

*

ಅಂತ್ಯಕ್ರಿಯೆ ಮುಗಿದ ಮೇಲೆ ಎಲ್ಲರೂ ನಲ್ಲಿಯ ಹತ್ತಿರ ಕೈತೊಳೆಯುತ್ತಿದ್ದಾಗ ಬಡಗಿ ಪಕ್ಕಕ್ಕೆ ಬಂದ. ಸಂಜೆ ಮೈದಾನದಲ್ಲಿ ಹಲ್ಲಕ್ಕನ ಕಾರನ್ನು ಒಂದು ಸುತ್ತು ಓಡಿಸೋಣ ಎಂದಿದ್ದಾರಂತೆ, ಬರಬೇಕಂತೆ.

“ನಿಂತ್ಕೊಳ್ಳೋ ಕಷ್ಟ ಬೇಡ. ನೆರಳಲ್ಲಿ ಕುರ್ಚಿ ಹಾಕ್ಸಿರ್ತೀನಿ.”

“ನನ್ನ ಕಾಲಿಗೆ ಏನಾಗಿದೆ ಅಂತ ಎಲ್ರೂ ಹಿಂಗಾಡ್ತಿದೀರಿ?”

ಬಡಗಿ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ನಿಮ್ಮ ಹತ್ತಿರ ಹೇಳಬಾರದು ಅಂತ ಹಲ್ಲಕ್ಕ ಅಂದಿದ್ದಳು ಎಂದ. ಈಗ ಅವಳೇ ಇಲ್ಲವಲ್ಲ ಎಂದೂ ತಾನೇ ಸೇರಿಸಿದ.

“ಆ ಫೈನಲ್ ದಿನ ಮಗುಚಿದ ಹಲ್ಲಕ್ಕನ ಕಾರನ್ನ ನೀವು ಎತ್ತೋದು ತಡ ಆಯ್ತಲ್ಲ. ಬೇಕಂತಲೇ ಮಾಡಿದಾರೆ, ಇನ್ನು ಮೈದಾನಕ್ಕೆ ಸೇರಿಸ್ಬೇಡಿ ಅಂತ ಒಂದಿಬ್ರು ಕೂಗಾಡಿದ್ರು. ನಂಗೂ ಹಂಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳ್ಲಿ. ಹಲ್ಲಕ್ಕ ಅಟ್ಟದಿಂದ ದಡದಡ ಇಳಿದು ಬಂದು ನನ್ನ ತೋಳು ಹಿಡ್ಕೊಂಡ್ಳು. ಅಕ್ಕಂಗೆ ಮೊಣಕಾಲು ಹಿಡ್ಕೊಂಡುಬಿಟ್ಟಿದೆ, ಎದ್ದು ನಿಲ್ಲೋಕೇ ಆಗ್ತಿಲ್ಲ, ಕೇಳಿದ್ರೆ ನಾಚ್ಕೋತಾಳೆ, ಯಾರೂ ಬಾಯಿಬಿಡಬೇಡಿ ಅಂದ್ಳು.”

ನಲ್ಲಿ ನಿಲ್ಲಿಸುವುದನ್ನು ಅಕ್ಕ ಮರೆತಳು.

*

ಓಡಿಸಿ ಮುಗಿಸಿದವರು ಮುಂದಿನ ಪಂದ್ಯಕ್ಕೆ ತಿರುವುಗಳಲ್ಲಿ ನಿಂತು, ಮಗುಚಿದ ಕಾರುಗಳನ್ನು ಎತ್ತಿ ನಿಲ್ಲಿಸಬೇಕು. ಅದು ಆ ಮೈದಾನದ ನಿಯಮ. ಸೋತವನು ಗೆಲ್ಲುವವನ ಕಾರು ಎತ್ತಬೇಕು. ನಾಲ್ಕು ತಿಂಗಳ ಹಿಂದಿನ ಆ ದಿನ ಅಕ್ಕ ಕೆಳಗಿನ ಪಂದ್ಯದಲ್ಲಿ ಏಳನೆಯವಳಾಗಿ ಮುಗಿಸಿ, ಫೈನಲ್ಲಿಗೆ ಮೂರನೆಯ ತಿರುವಿನಲ್ಲಿ ನಿಂತಿದ್ದಳು.

ಎರಡು ಸುತ್ತು ಬಾಕಿ. ತಂಗಿ ಎಲ್ಲರಿಗಿಂತ ಮುಂದೆ. ದಿಬ್ಬ ಹಾರಿದ ಅವಳ ಕೆಂಪು ಕಾರು ಸರಿಯಾಗಿ ಅಕ್ಕನ ಮುಂದೆಯೇ ಅಂಗಾತ ಬಿತ್ತು. ಮೂರೇ ಮೂರು ಹೆಜ್ಜೆ. ಗಾಲಿಗಳು ಆಕಾಶದಲ್ಲಿ ತಿರುಗುತ್ತಿದ್ದವು. ಒಂದೇ ಒಂದು ಸಲ, ಎಂದಿತು ಅಕ್ಕನ ಹೊಟ್ಟೆ. ಒಂದೇ ಸಲ. ಅವಳು ನೆಲ ನೋಡುತ್ತ ನಿಂತಳು. ಒಂದು, ಎರಡು, ಮೂರು, ನಾಲ್ಕು ಎಣಿಸಿದಳು. ಹಿಂದೆ ಬರುತ್ತಿದ್ದ ನೀಲಿ ಕಾರು ದಾಟಿಹೋದ ಮೇಲೆ ನಡೆದುಹೋಗಿ ಎತ್ತಿ ನಿಲ್ಲಿಸಿದಳು.

ತಂಗಿ ಎರಡನೆಯವಳಾದಳು. ಮತ್ತೆ ಯಾವ ಫೈನಲ್ಲೂ ಅವಳಿಗೆ ಸಿಗಲಿಲ್ಲ. ಮನೆಗೆ ಮರಳುವಾಗ ಬಸ್ಸಿನಲ್ಲಿ ಅಕ್ಕನಿಗೆ ಕಿಟಕಿಯ ಪಕ್ಕ ಜಾಗ ಕೊಟ್ಟು, ಕಪ್ಪನ್ನು ಕಾಲಡಿ ಇಟ್ಟುಕೊಂಡು ಬಂದಳು. ಅಕ್ಕ ಅದಾದ ಮೇಲೆ ಮೈದಾನದ ಕಡೆ ತಲೆಹಾಕಲಿಲ್ಲ. ಮನೆಗೆ ಸುಣ್ಣ ಬಳಿಸಬೇಕು, ಅದು ಇದು, ಎಂದು ನಾಲ್ಕು ತಿಂಗಳು ತಳ್ಳಿದಳು.

ತಂಗಿ ಅದನ್ನು ನೋಡಿರಲಿಲ್ಲ, ಮೊಣಕಾಲು ನೋವೆಂದೇ ನಂಬಿದ್ದಳು ಎಂದುಕೊಳ್ಳಲೂ ದಾರಿಯಿಲ್ಲ. ಆ ಫೈನಲ್ಲಿನ ಬೆಳಿಗ್ಗೆಯೇ ಇಬ್ಬರೂ ಹೊರಟ ಬಸ್ಸಿನ ಹಿಂದೆ ಓಡಿದ್ದರು. ಮೊದಲು ಹತ್ತಿದವಳು ಅಕ್ಕ. ಕೈಚಾಚಿ ತಂಗಿಯನ್ನು ಎಳೆದುಕೊಂಡವಳೂ ಅವಳೇ.

*

ಕುರ್ಚಿಯನ್ನು ಮೂರನೆಯ ತಿರುವಿನಲ್ಲೇ ಹಾಕಿದ್ದರು. ಮೈದಾನದಲ್ಲಿ ನೆರಳಿದ್ದದ್ದು ಅಲ್ಲಿ ಮಾತ್ರ. ಯಾರೋ ಅದರ ಮೇಲೆ ದಿಂಬನ್ನೂ ಇಟ್ಟಿದ್ದರು.

ಅಕ್ಕ ಕೂತಳು. ಎಲ್ಲರೂ ಅಟ್ಟದ ಕೆಳಗೆ ಗುಂಪಾಗಿದ್ದರು. ದುಃಖ ಬರಬೇಕಾದ ಜಾಗದಲ್ಲಿ ಮತ್ತೆ ಅದೇ ಉರಿ ಬಂತು. ಇದರಲ್ಲೂ ನೀನೇ ಮುಂದೆ ಹೋದೆಯಲ್ಲೇ. ಬೈಯಬಹುದಿತ್ತು, ಜಗಳ ಆಡಬಹುದಿತ್ತು, ಇಬ್ಬರೂ ಒಂದೇ ಸಮ ಆಗುತ್ತಿದ್ದೆವು. ಒಂದು ಸುಳ್ಳು ಹೇಳಿ ನನ್ನನ್ನು ಈ ಕುರ್ಚಿಯ ಮೇಲೆ ಕೂರಿಸಿ ಹೋದೆ.

ತಂಗಿಯ ಗಂಡ ಎಂದೂ ರಿಮೋಟು ಹಿಡಿದವನಲ್ಲ. ಇಂದು ಅವನೇ ಓಡಿಸಲಿ ಎಂದು ಬಡಗಿ ಕೈಗೆ ಕೊಟ್ಟ. ಡ್ರೈವರು ದಾರ ಎಳೆದ. ಎಂಜಿನ್ ಮೊದಲ ಎಳೆತಕ್ಕೇ ಹೊತ್ತಿಕೊಂಡು ಹಾಡಿತು. ಆ ಸ್ಕ್ರೂವನ್ನು ಕೊನೆಗೆ ತಿರುಗಿಸಿದ ಬೆರಳು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಗುಂಪು ತಲೆ ತಗ್ಗಿಸಿತು. ಕೆಂಪು ಕಾರು ಮೊದಲ ತಿರುವನ್ನು ಅಂಜುತ್ತ ದಾಟಿತು, ಎರಡನೆಯದನ್ನೂ. ಆಮೇಲೆ ಅವನ ಕಣ್ಣು ಮಂಜಾಯಿತೋ ಏನೋ, ಕಾರು ದಿಬ್ಬವನ್ನು ಓರೆಯಾಗಿ ಹಾರಿ, ಉರುಳಿ, ಕುರ್ಚಿಯಿಂದ ಹತ್ತು ಮಾರು ದೂರದಲ್ಲಿ ಅಂಗಾತ ಬಿತ್ತು.

ಗಾಲಿಗಳು ಆಕಾಶದಲ್ಲಿ ತಿರುಗುತ್ತಿದ್ದವು.

“ಕೂತಿರಿ ಅಕ್ಕ, ಏಳ್ಬೇಡಿ,” ಎನ್ನುತ್ತ ಬಡಗಿ ಆ ತುದಿಯಿಂದ ಓಡತೊಡಗಿದ. “ನಾನು ಬಂದೆ.”

ಅಕ್ಕ ಚಪ್ಪಲಿ ಬಿಟ್ಟು ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. ಬಸ್ಸಿನ ಹಿಂದೆ ಓಡಿದ ಹಾಗೆಯೇ ಓಡಿದಳು, ಮಣ್ಣು ಹಾರಿಸುತ್ತ, ಊರೆಲ್ಲ ನೋಡುತ್ತಿರುವಾಗ. ಬಡಗಿ ಅರ್ಧ ದಾರಿಯಲ್ಲಿ ನಿಂತುಬಿಟ್ಟ. ಕೈ ಎಲ್ಲಿ ಹಿಡಿಯಬೇಕೆಂದು ನೋಡದೆ ಹಿಡಿದಳು, ಕಾದ ಎಂಜಿನ್ ಅಂಗೈಗೆ ಚುರ್ರೆಂದಿತು. ಬಿಡದೆ ಮಗುಚಿ ನೆಲಕ್ಕೆ ನಿಲ್ಲಿಸಿದಳು. ಕಾರು ಅವಳ ಪಾದದ ಮೇಲೆ ಮಣ್ಣೆರಚಿ ಹೊರಟಿತು.

ಅಟ್ಟದ ಕೆಳಗೆ ಯಾರೂ ಕಾರನ್ನು ನೋಡುತ್ತಿರಲಿಲ್ಲ. ಅವಳ ಕಾಲುಗಳನ್ನೇ ನೋಡುತ್ತಿದ್ದರು. ಔಷಧಿ ಅಂಗಡಿಯವಳು ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಅಕ್ಕ ಕುರ್ಚಿಯ ಕಡೆಗೆ ಹೋಗಲಿಲ್ಲ. ತಿರುವಿನ ಅಂಚಿನಲ್ಲಿ, ಕಾರು ಎತ್ತುವ ಸರದಿಯವರು ನಿಲ್ಲುವ ಹಾಗೆ, ಸುಟ್ಟ ಅಂಗೈಯನ್ನೂ ಸುಡದ ಅಂಗೈಯನ್ನೂ ಎರಡು ಮೊಣಕಾಲುಗಳ ಮೇಲೆ ಊರಿ, ಬಗ್ಗಿ, ಕೆಂಪು ಕಾರು ಮತ್ತೆ ಸುತ್ತಿ ಬರುವ ದಿಕ್ಕನ್ನೇ ನೋಡುತ್ತ ನಿಂತಳು.