ವೆರೇನಾಳ ಚೀಲ

ಕೈರೋದಿಂದ ದೂರದ ನಮ್ಮೂರು ಮಲ್ಲವಿಯ ಚರ್ಚಿನಲ್ಲಿ ಬಡವರನ್ನು ಬಡವರು ಎನ್ನುವುದಿಲ್ಲ, ಕರ್ತನ ಸಹೋದರರು ಎನ್ನುತ್ತೇವೆ. ಅವರ ಪಟ್ಟಿ ಇಪ್ಪತ್ತೆರಡು ವರ್ಷದಿಂದ ನನ್ನ ಕೈಯಲ್ಲಿದೆ; ಚರ್ಚಿನ ಸೇವೆಯವಳೆಂದು ಊರವರು ನನ್ನನ್ನು ತಾಸೋನಿ, ಅಂದರೆ ಅಕ್ಕ, ಎನ್ನುತ್ತಾರೆ. ಅದರಲ್ಲಿ ಒಬ್ಬರದೂ ನಿಜವಾದ ಹೆಸರಿಲ್ಲ. ಪ್ರತಿ ಮನೆಗೂ ಒಬ್ಬ ಸಂತರ ಹೆಸರು ಇಟ್ಟಿದ್ದೇನೆ. ಯಾರು ಯಾರೆಂಬುದು ನನ್ನ ತಲೆಯಲ್ಲಿ ಮಾತ್ರ ಇದೆ. ತಿಂಗಳಿಗೊಮ್ಮೆ, ಊರೆಲ್ಲ ಉಂಡು ಮಲಗಿದ ಮಧ್ಯಾಹ್ನದ ಹೊತ್ತಿಗೆ, ಬೇಳೆ ಅಕ್ಕಿ ಎಣ್ಣೆಯ ಚೀಲದ ಮೇಲೆ ಒಂದು ಕಟ್ಟು ಮೂಲಂಗಿ ಇಟ್ಟುಕೊಂಡು ಮಾರುಕಟ್ಟೆಯಿಂದ ಬಂದವಳ ಹಾಗೆ ಹೊರಡುತ್ತೇನೆ. ಬಾಗಿಲು ಬಡಿದು, ಕೊಟ್ಟು, ತಿರುಗಿಬಿಡುತ್ತೇನೆ. ಯಾರಾದರೂ ಟೀ ಕುಡಿದು ಹೋಗಿ ಎಂದರೆ, ಸಕ್ಕರೆ ಉಳಿಸಿಕೊಳ್ಳಿ, ಮಕ್ಕಳಿಗಾಗುತ್ತದೆ ಎನ್ನುತ್ತೇನೆ. ಹಾಗೆನ್ನುವುದು ನನ್ನ ದೊಡ್ಡ ಗುಣ ಎಂದುಕೊಂಡಿದ್ದೆ.

ಈ ಸಲ ಈಸ್ಟರಿನ ಮುಂಚಿನ ದೊಡ್ಡ ಉಪವಾಸದ ನಡುವೆ ಚುನಾವಣೆ ವಕ್ಕರಿಸಿತು. ಅಭ್ಯರ್ಥಿ ಇಂಜಿನಿಯರ್ ವಗ್ದಿ ಬೇ ನಮ್ಮವನೇ, ಕೈರೋದಲ್ಲಿ ದುಡ್ಡು ಮಾಡಿದವನು. ಇನ್ನೂರು ಚೀಲ ಕೊಡುತ್ತೇನೆ, ಆದರೆ ಶುಕ್ರವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಾಲ್‌ನಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು, ನನ್ನ ಕೈಯಿಂದಲೇ ಕೊಡಬೇಕು, ಫೋಟೋ ತೆಗೆಯಬೇಕು ಎಂದು ಹೇಳಿ ಕಳಿಸಿದ್ದ. ಚೀಲದ ಮೇಲೆ ಅವನ ನಗುಮುಖ, ಒಳಗೆ ಎಲ್ಲದರ ಜೊತೆ ತುಪ್ಪದ ಡಬ್ಬಿ. ಹಾಲು ಮಾಂಸ ಮುಟ್ಟದೆ ಐವತ್ತೈದು ದಿನ ಉಪವಾಸ ಮಾಡುವವರಿಗೆ ತುಪ್ಪ! ಇವನಿಗೆ ಜ್ಞಾನಸ್ನಾನ ಮಾಡಿಸಿದ್ದು ಯಾರೋ ಎಂದು ಬೈದುಕೊಂಡೆ.

ನಮ್ಮ ಪಾದ್ರಿ ಅಬೂನಾ ಸರಾಬಾಮೂನ್ ಕೆಟ್ಟವರಲ್ಲ. ಚರ್ಚಿನ ಮೇಲೆ ಒಂದು ಮಹಡಿ ಎಬ್ಬಿಸಿ ಬಡವರಿಗೆ ದವಾಖಾನೆ ಮಾಡಬೇಕೆಂದು ಏಳು ವರ್ಷದಿಂದ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ಗೆದ್ದರೆ ಪರವಾನಗಿ ಕೊಡಿಸುತ್ತೇನೆ ಎಂದು ವಗ್ದಿ ಮಾತು ಕೊಟ್ಟಿದ್ದ. ಅವರು ನನ್ನನ್ನು ಕರೆಸಿ ಪಟ್ಟಿ ಕೇಳಿದರು.

"ಫೆಬ್ರೋನಿಯಾ, ಒಂದೇ ಒಂದು ದಿನ ಬಂದು ನಿಲ್ಲೋದು. ಆಮೇಲೆ ಜನ್ಮಪೂರ್ತಿ ಔಷಧಿ ಸಿಗುತ್ತಲ್ಲಮ್ಮ."

"ಅವರು ಕರ್ತನ ಸಹೋದರರು ಅಂತ ಬೋಧನೆ ಮಾಡೋರು ನೀವೇ ಅಲ್ವಾ ಅಬೂನಾ? ನಿಮ್ಮ ಸ್ವಂತ ತಮ್ಮನ್ನ ಹಾಗೆ ಸಾಲಲ್ಲಿ ನಿಲ್ಲಿಸ್ತೀರಾ?"

ಅವರು ಗಡ್ಡ ನೀವಿಕೊಂಡರು. ಪಟ್ಟಿ ಮಾತ್ರ ನಾಳೆಯೇ ಬೇಕು ಎಂದರು.

ಮನೆಗೆ ಬಂದರೆ ಮೆಟ್ಟಿಲ ಮೇಲೆ ನರ್ಗಿಸ್ ಕಾದಿದ್ದಳು. ಗಂಡ ಸತ್ತ ಮೇಲೆ ಹೊಲಿಗೆ ಹಾಕಿ ಮಗಳನ್ನು ಓದಿಸಿದವಳು. ಕುವೈತಿನ ಅಣ್ಣ ಕಳಿಸುತ್ತಾನೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದಾಳೆ. ಆ ಅಣ್ಣ ಕಾಗದ ಬರೆದೇ ನಾಲ್ಕು ವರ್ಷವಾಯಿತು. ಅವಳ ಮಗಳು ಯೂಸ್ತೀನಾಳಿಗೆ ಔಷಧಿ ಅಂಗಡಿಯ ಮದಾಮ್ ಓದೆತ್‌ಳ ಮಗ ಉಂಗುರ ತೊಡಿಸಿದ್ದ, ಈಸ್ಟರ್ ಕಳೆದ ಮೇಲೆ ಮದುವೆ. ಓದೆತ್‌ಗೆ ನಮ್ಮ ಮನೆಗೆ ಬರೋ ಚೀಲದ ವಿಷಯ ಗೊತ್ತಾದರೆ ಉಂಗುರ ವಾಪಸ್ ಕೇಳುತ್ತಾಳೆ, ಶುಕ್ರವಾರ ನನ್ನನ್ನು ಕರೆಯಬೇಡಿ ಎಂದು ನರ್ಗಿಸ್ ನನ್ನ ಕೈ ಹಿಡಿದುಕೊಂಡಳು. ಕರೆಯುವುದಿಲ್ಲ ಎಂದೆ. ಹೇಗೆ ಎಂಬುದು ನನಗೇ ಗೊತ್ತಿರಲಿಲ್ಲ.

ಮರುದಿನ ನಾನು ಸಂತರ ಪಟ್ಟಿಯನ್ನೇ ನಕಲು ಮಾಡಿ ಕೊಟ್ಟುಬಿಟ್ಟೆ. ಮೀನಾ, ಅಬಾನೂಬ್, ವೆರೇನಾ: ನಮ್ಮಲ್ಲಿ ಮಕ್ಕಳಿಗೂ ಇಡುವ ಹೆಸರುಗಳೇ ಅವು, ವಗ್ದಿಯ ಆಳುಗಳು ಸಂಶಯವೇ ಪಡದೆ ಒಂದೊಂದು ಚೀಲಕ್ಕೆ ಒಂದೊಂದು ಹೆಸರಿನ ಚೀಟಿ ಹಚ್ಚಿದರು. ಅಬೂನಾ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು, ಮಡಚಿ ಜೇಬಿಗೆ ಹಾಕಿಕೊಂಡರು. ಶುಕ್ರವಾರದವರೆಗೆ ನಾನು ಒಂದು ಕಡೆ ಕೂತವಳಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆದೆ, ಬೀಗ ಹಾಕಿ ಬೀದಿಗಿಳಿದು, ಹಾಕಿದೆನೋ ಇಲ್ಲವೋ ಎಂದು ಮೂರು ಮಹಡಿ ಹತ್ತಿ ಬಂದೆ.

ಶುಕ್ರವಾರ ಹಾಲ್ ಕಿಕ್ಕಿರಿದಿತ್ತು. ವಗ್ದಿ ಬೇ ಕ್ಯಾಮೆರಾದತ್ತ ಮುಖ ಮಾಡಿಕೊಂಡು ಮೊದಲ ಚೀಟಿ ಓದಿದ: ಮೀನಾ. ನಮ್ಮಲ್ಲಿ ಅದು ಗಂಡಸರ ಹೆಸರು; ಹಾಲ್‌ನಲ್ಲಿದ್ದ ಹತ್ತು ಹನ್ನೆರಡು ಮೀನಾಗಳು ಒಟ್ಟಿಗೆ ತಲೆ ಎತ್ತಿದರು. ಹಲ್ಲಿನ ಡಾಕ್ಟರ್ ಮೀನಾನ ಕಿವಿ ಕೆಂಪಾಯಿತು. ಯಾರೂ ಏಳಲಿಲ್ಲ. ಎರಡನೆಯ ಚೀಟಿ ಓದಿದ, ಮೂರನೆಯದು ಓದಿದ. ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗು ಎದ್ದಿತು.

ಆಗ ಅಬೂನಾ ಎದ್ದರು. ದವಾಖಾನೆಯ ಆಸೆಯನ್ನು ಅವರು ಕೈಬಿಟ್ಟದ್ದು ಆ ಗಳಿಗೆಯಲ್ಲೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

"ಇವು ಮನೆಗಳಿಗೆ ನಾವಿಟ್ಟಿರೋ ಸಂತರ ಹೆಸರು, ವಗ್ದಿ ಬೇ. ಅವರು ಇಲ್ಲಿಗೆ ಬರಲ್ಲ, ನಾವು ಅಲ್ಲಿಗೆ ಹೋಗ್ಬೇಕು. ಚೀಲ ಹೊರೋಕೆ ಯಾರು ಬರ್ತೀರಿ?"

ನನ್ನ ಎದೆ ತುಂಬಿಬಂತು. ಅಷ್ಟರಲ್ಲೇ ಮದಾಮ್ ಓದೆತ್ ಎದ್ದಳು. ಫೋಟೋ ಎಂದರೆ ಪ್ರಾಣ ಬಿಡುವ ಹೆಂಗಸು. ಸರಸರನೆ ಹೋಗಿ ವಗ್ದಿಯ ಕೈಯಿಂದ ಒಂದು ಚೀಲ ತೆಗೆದುಕೊಂಡು, ಚೀಟಿ ಓದಿ, ಎಲ್ಲರಿಗೂ ಕೇಳುವ ಹಾಗೆ ನನ್ನನ್ನು ಕೇಳಿದಳು.

"ತಾಸೋನಿ, ಈ ವೆರೇನಾ ಅನ್ನೋರ ಮನೆ ಯಾವುದು? ನಾನೇ ಹೋಗಿ ಕೊಟ್ಟು ಬರ್ತೀನಿ."

ವೆರೇನಾ ಎಂದರೆ ನರ್ಗಿಸ್‌ಳ ಮನೆ.

ಮನೆ ಹೇಳುವ ಪದ್ಧತಿ ಇಲ್ಲ ಎಂದೆ. ಹೇಳದಿದ್ದರೆ ಕೊಡುವುದು ಹೇಗೆ ಎಂದು ಅವಳು ನಕ್ಕು, ಹಾಲ್‌ನ ಸುತ್ತ ಕಣ್ಣಾಡಿಸಿದಳು, ಯಾರಿರಬಹುದು ಎಂಬ ಆಟದ ಹಾಗೆ. ಆ ಕಣ್ಣು ನಾಲ್ಕನೇ ಸಾಲಿಗೆ ಬಂದು ನಿಂತಿತು. ತನ್ನ ಮನೆಗೆ ಯಾವ ಸಂತರ ಹೆಸರಿದೆ ಎಂಬುದು ನರ್ಗಿಸ್‌ಗೆ ಗೊತ್ತಿಲ್ಲ. ಆದರೂ ಅವಳ ಮುಖ ಸುಣ್ಣದಂತಾಗಿತ್ತು, ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಓದೆತ್‌ಳ ನಗು ಸ್ವಲ್ಪ ಸಣ್ಣಗಾಯಿತು.

"ನಂದು," ಎಂದೆ. "ವೆರೇನಾ ಅಂದ್ರೆ ನಾನೇ, ಮದಾಮ್. ಪೋಸ್ಟಾಫೀಸಿನ ಪೆನ್ಷನ್ ಸಾಲಲ್ಲ."

ಇಪ್ಪತ್ತೆರಡು ವರ್ಷ ನನ್ನನ್ನು ನೋಡುತ್ತಿದ್ದ ಕಣ್ಣುಗಳು ಬೇರೆಯಾದದ್ದನ್ನು ನಾನೇ ಕಂಡೆ. ಅಯ್ಯೋ ಪಾಪ ಎಂದು ಯಾರೋ ಮೆಲ್ಲಗೆ ಅಂದರು. ವಗ್ದಿ ಬೇ ಕ್ಯಾಮೆರಾದವನನ್ನು ಕರೆದುಕೊಂಡು ಪಕ್ಕದ ಬಾಗಿಲಿನಿಂದ ಹೊರಟುಹೋದ.

ಮರುದಿನ ಮಧ್ಯಾಹ್ನ, ಬೀದಿಯೆಲ್ಲ ಮಲಗಿರುವ ಹೊತ್ತಿಗೆ ಕಾರಿನ ಹಾರ್ನ್ ಕೇಳಿಸಿತು. ಬಾಲ್ಕನಿಗೆ ಬಂದು ನೋಡಿದರೆ ಕೆಳಗೆ ಓದೆತ್.

"ತಾಸೋನಿ, ನಿಮ್ಮ ಚೀಲ ತಂದಿದ್ದೀನಿ! ನಂಗೆ ಮಂಡಿನೋವು, ಬುಟ್ಟಿ ಇಳಿಸಿ."

ಸೊಪ್ಪು ರೊಟ್ಟಿ ಮೇಲೆಳೆದುಕೊಳ್ಳುವ ಬುಟ್ಟಿಯನ್ನು ಹಗ್ಗ ಕಟ್ಟಿ ಇಳಿಸಿದೆ. ಅವಳು ಚೀಲವನ್ನು ಅದರಲ್ಲಿಟ್ಟು, ಉಪವಾಸ ಮುರಿಯಬಾರದು ನೋಡಿ, ತುಪ್ಪ ನಾನೇ ತೆಗೆದಿಟ್ಟಿದ್ದೀನಿ, ಹಬ್ಬಕ್ಕೆ ಬಂದು ಇಸ್ಕೊಂಡು ಹೋಗಿ ಎಂದು ಕೂಗಿದಳು. ನಾನು ಎಳೆದೆ. ವಗ್ದಿಯ ನಗುಮುಖ ಮೊದಲನೆಯ ಮಹಡಿ ದಾಟಿತು, ಎರಡನೆಯದಕ್ಕೆ ಬಂತು. ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಅದನ್ನು ನೋಡಿದಳು, ತಲೆ ಎತ್ತಿ ನನ್ನನ್ನು ನೋಡಿದಳು, ಥಟ್ಟನೆ ಒಳಗೆ ಹೋದಳು. ಅವಳು ಒಳಗೆ ಹೋದದ್ದರಿಂದಲೇ ನನಗೆ ಹೆಚ್ಚು ನೋವಾಯಿತು.

ಓದೆತ್‌ಳನ್ನು ಬೈಯಲು ಬಾಯಿ ತೆರೆದೆ, ಆಗಲಿಲ್ಲ. ಅವಳ ಉಪವಾಸ ಮುರಿಯಬಾರದು, ಬಾಗಿಲು ಬಾಗಿಲಲ್ಲಿ ನಾನು ಹೇಳುತ್ತಿದ್ದ ಸಕ್ಕರೆ ಉಳಿಸಿಕೊಳ್ಳಿ: ಎರಡೂ ಒಂದೇ ದನಿ. ನಾಚಿಕೆಯಾಯಿತು, ಸುಳ್ಳು ಹೇಳಿದ್ದಕ್ಕಲ್ಲ.

ಚೀಲದಲ್ಲಿದ್ದುದನ್ನೆಲ್ಲ ಬೇರೆ ಚೀಲಕ್ಕೆ ಸುರಿದು, ಮೇಲೆ ಮೂಲಂಗಿ ಇಟ್ಟು ಹೊರಟೆ. ನರ್ಗಿಸ್ ಬಾಗಿಲು ತೆರೆದಳು. ಕಣ್ಣು ಊದಿಕೊಂಡಿತ್ತು. ನಿಮ್ಮ ಮರ್ಯಾದೆ ಹೋಯಿತಲ್ಲ ತಾಸೋನಿ ಎಂದಳು. ನಾನು ಚೀಲ ಕೊಟ್ಟೆ, ತಿರುಗಲಿಲ್ಲ.

"ಟೀ ಕುಡಿದು ಹೋಗಿ ಅಂತ ಹೇಳಲ್ವಾ?" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ದಾರಿ ಬಿಟ್ಟು, ಹೊಲಿಗೆಯ ಬಟ್ಟೆ ಎತ್ತಿಟ್ಟು ಕುರ್ಚಿ ಒರೆಸಿದಳು. ನನ್ನ ಲೋಟಕ್ಕೆ ತುಂಬು ಮೂರು ಚಮಚ ಸಕ್ಕರೆ ಹಾಕಿದಳು. ನಾನು ಬೇಡ ಎನ್ನಲಿಲ್ಲ.